ಅಬ್ಬಿಯ ಬಂಡೆಯಿಂದ ಅಂಕಿಯವರೆಗೆ: ಅಳಿಯುತ್ತಿರುವ ಸಿಹಿನೀರಿನ ಬಸವನಹುಳುಗಳ ಆನುವಂಶಿಕ ವೈವಿಧ್ಯ ಅಳೆಯುವ ಸಮಗ್ರ ಮಾರ್ಗದರ್ಶಿ

ವಿದ್ಯಾರ್ಥಿಗಳು ಮತ್ತು ಹೊಳೆ–ಕೆರೆಗಳ ಕಾಳಜಿ ಇರುವ ಸ್ವಯಂಸೇವಕರು ನನ್ನ ಬಳಿ ತರುವ ಸೋಲುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಡಿಎನ್‌ಎ ಬರಲಿಲ್ಲ. ಬಂದರೂ ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ಕೆಲಸ, ಆಗಲಿಲ್ಲ. ಪಿಸಿಆರ್ ಆಯಿತು, ಆದರೆ ಎಂಟು ಹುಳುಗಳನ್ನು ನೋಡಿ ‘ಇಲ್ಲಿ ವೈವಿಧ್ಯವೇ ಇಲ್ಲ’ ಎಂದು ವರದಿ ಬರೆದಾಯಿತು. ಕೆಲಸ ಕೆಟ್ಟದ್ದು ಯಂತ್ರದಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ಬಹುಪಾಲು ಸಲ ಅದು ಕೆಟ್ಟಿರುವುದು ಬಂಡೆಯ ಮೇಲೆ, ಹುಳುವನ್ನು ಸೀಸೆಗೆ ಹಾಕಿದ ಮೊದಲ ಹತ್ತು ನಿಮಿಷಗಳಲ್ಲಿ. ಅಲ್ಲಿ ತಪ್ಪಿದ್ದನ್ನು ಆಮೇಲೆ ಯಾವ ತಂತ್ರಾಂಶವೂ ತಿದ್ದಿಕೊಡುವುದಿಲ್ಲ. ಸಮೂಹವೇ ಕುಸಿಯುತ್ತಿರುವಾಗ ಮತ್ತೊಮ್ಮೆ ಹೋಗಿ ಹುಳು ತರುವ ಹಕ್ಕೂ ನಮಗಿಲ್ಲ. ಆದ್ದರಿಂದ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ದಯವಿಟ್ಟು ಯಾವುದನ್ನೂ ಹಾರಿಸಬೇಡಿ.

ಉದಾಹರಣೆಗೆ ಪಶ್ಚಿಮ ಘಟ್ಟದ ಕ್ರೆಮ್ನೊಕಾಂಕಸ್ ಎಂಬ ಬಸವನಹುಳು ಕುಲವನ್ನು ಇಟ್ಟುಕೊಂಡಿದ್ದೇನೆ. ಸಮುದ್ರತೀರದ ಬಂಡೆಗಳಲ್ಲಿ ಬದುಕುವ ಲಿಟೊರಿನಿಡ್ ಕುಟುಂಬಕ್ಕೆ ಸೇರಿದ್ದರೂ ಇದು ಸಿಹಿನೀರಿನಲ್ಲಿ, ಜಲಪಾತಗಳ (ಮಲೆನಾಡಿನ ಮಾತಿನಲ್ಲಿ ಅಬ್ಬಿಗಳ) ತುಂತುರು ಬೀಳುವ ಒದ್ದೆ ಬಂಡೆಗೆ ಅಂಟಿಕೊಂಡು ಬದುಕುತ್ತದೆ. 2013ರಲ್ಲಿ ವಿವರಿಸಲಾದ ಪ್ರಭೇದಗಳಲ್ಲಿ ಒಂದು ಆಗುಂಬೆಯ ಹೆಸರನ್ನೇ ಹೊತ್ತಿದೆ. ಒಂದು ಅಬ್ಬಿಗೂ ಇನ್ನೊಂದು ಅಬ್ಬಿಗೂ ನಡುವೆ ಒಣ ಗುಡ್ಡ. ಹುಳುವಿಗೆ ಅದು ದಾಟಲಾಗದ ಸಾಗರ. ಕೆರೆ, ಗದ್ದೆಗಳ ಹುಳುಗಳ ವಿಷಯವನ್ನು ವ್ಯತ್ಯಾಸ ಬರುವಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಗ್ರಿ

ಅಬ್ಬಿಯ ಬಳಿಗೆ: ಶೇ. 95ರ ಎಥನಾಲ್, ರಬ್ಬರ್ ಉಂಗುರವಿರುವ ತಿರುಪು ಮುಚ್ಚಳದ ಸೀಸೆಗಳು, ಸೀಸದ ಪೆನ್ಸಿಲ್, ದಪ್ಪ ಕಾಗದದ ಚೀಟಿಗಳು, ಮೊನಚು ಚಿಮುಟ, ಸಣ್ಣ ಇಕ್ಕಳ, ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು, ಸ್ವಾಬ್ ಕಡ್ಡಿಗಳು, ರಬ್ಬರ್ ಕೈಗವಸು, ಜಿಪಿಎಸ್ ಇರುವ ಮೊಬೈಲ್. ಇಂಕಿನ ಪೆನ್ನು ಒಯ್ಯಬೇಡಿ. ಎಥನಾಲ್ ತಗುಲಿದರೆ ಅಕ್ಷರ ಕರಗಿಹೋಗುತ್ತದೆ.

ಪ್ರಯೋಗಾಲಯಕ್ಕೆ: ಸಿಟಿಎಬಿ (ಮಾರ್ಜಕದಂತಹ ರಾಸಾಯನಿಕ) ದ್ರಾವಣ, ಪ್ರೋಟಿನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ), ಕ್ಲೋರೋಫಾರ್ಮ್–ಐಸೊಅಮೈಲ್ ಆಲ್ಕೊಹಾಲ್ 24:1 ಮಿಶ್ರಣ, ಐಸೊಪ್ರೊಪನಾಲ್, ಸೂಕ್ಷ್ಮದರ್ಶಕ, ಸೆಂಟ್ರಿಫ್ಯೂಜ್, ಪಿಸಿಆರ್ ಯಂತ್ರ. ಅನುಕ್ರಮ, ಅಂದರೆ ಡಿಎನ್‌ಎಯ ಅಕ್ಷರಗಳ ಸಾಲು, ಓದಿಸುವ ಕೆಲಸವನ್ನು ಹೊರಗೆ ಕೊಡಬಹುದು.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ವೈವಿಧ್ಯ ಎಷ್ಟಿದೆ?’ ಎಂಬುದು ಪ್ರಶ್ನೆಯಲ್ಲ. ಎಷ್ಟು ಎನ್ನುವುದಕ್ಕೆ ಅರ್ಥ ಬರುವುದು ಯಾವುದಕ್ಕಿಂತ ಎಂದು ಹೇಳಿದಾಗ ಮಾತ್ರ. ಈ ಅಬ್ಬಿಯ ಹುಳುಗಳು ಪಕ್ಕದ ಕಣಿವೆಯ ಸಮೃದ್ಧ ಸಮೂಹಕ್ಕಿಂತ ಬಡವಾಗಿವೆಯೇ? ಎರಡು ಅಬ್ಬಿಗಳ ನಡುವೆ ಈಗಲೂ ಹುಳುಗಳ ಓಡಾಟವಿದೆಯೇ? ಖಾಲಿಯಾದ ಜಾಗಕ್ಕೆ ಎಲ್ಲಿಂದ ಹುಳು ತಂದು ಬಿಡಬೇಕು? ಪ್ರತಿಯೊಂದಕ್ಕೂ ಬೇರೆ ಬೇರೆ ಮಾದರಿ ಬೇಕು. ಅದೇ ಪ್ರಭೇದದ, ಚೆನ್ನಾಗಿರುವ ಒಂದು ಸಮೂಹವನ್ನಾದರೂ ಹೋಲಿಕೆಗೆ ಸೇರಿಸದಿದ್ದರೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂಟಿ ಅಂಕಿ ಮಾತ್ರ.

ಹಂತ 2: ಅನುಮತಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಜೀವಿ ಧಾಮದಂತಹ ಕಡೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ಮಾದರಿ ವಿದೇಶಕ್ಕೆ ಹೋಗುವ ಸಾಧ್ಯತೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಮೊದಲೇ ಕೇಳಿಕೊಳ್ಳಿ. ಅರ್ಜಿಯಲ್ಲಿ ಹುಳುಗಳ ಸಂಖ್ಯೆ, ಜಾಗ, ತಿಂಗಳು ಸ್ಪಷ್ಟವಾಗಿರಲಿ. ಕಾಗದಗಳು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಆ ಸಮಯ ಹಂತ 4ಕ್ಕೆ ಬೇಕಾಗುತ್ತದೆ.

ಹಂತ 3: ಹುಳುವಿನ ಸಂತಾನಕ್ರಮ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರು ಕೊನೆಯಲ್ಲಿ ಅಂಕಿಗಳನ್ನು ತಲೆಕೆಳಗಾಗಿ ಓದುತ್ತಾರೆ. ಕ್ರೆಮ್ನೊಕಾಂಕಸ್, ಗದ್ದೆಯ ಪೈಲಾ, ಕೆರೆಯ ಫಿಲೊಪಲುಡಿನಾ ಇವುಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳವೂ ಇರುತ್ತದೆ. ಇಂಡೊಪ್ಲನಾರ್ಬಿಸ್, ಲಿಮ್ನಿಯ ಬಗೆಯವು ಉಭಯಲಿಂಗಿಗಳು. ಜೊತೆ ಸಿಗದಿದ್ದರೆ ತಮ್ಮನ್ನು ತಾವೇ ನಿಷೇಚಿಸಿಕೊಳ್ಳಬಲ್ಲವು. ಮೆಲನಾಯ್ಡಿಸ್, ಟಾರೆಬಿಯಾಗಳಲ್ಲಿ ಹೆಚ್ಚಿನ ಸಮೂಹಗಳು ಹೆಣ್ಣುಗಳಿಂದಲೇ, ಗಂಡಿನ ನೆರವಿಲ್ಲದೆ ಬೆಳೆಯುತ್ತವೆ. ಅಲ್ಲಿ ಸಾವಿರ ಹುಳು ಕಂಡರೂ ಅವೆಲ್ಲ ಒಂದೇ ತಾಯಿಯ ಪಡಿಯಚ್ಚುಗಳಿರಬಹುದು.

ಮರಿ ಹಾಕುವ ಹುಳುಗಳಲ್ಲಿ ಇನ್ನೊಂದು ಎಚ್ಚರ. ಫಿಲೊಪಲುಡಿನಾ ಹೆಣ್ಣಿನ ಒಡಲಲ್ಲಿ ಚಿಪ್ಪು ಮೂಡಿದ ಮರಿಗಳಿರುತ್ತವೆ. ಇಡೀ ಹುಳುವನ್ನು ಅರೆದರೆ ತಾಯಿಯ ಡಿಎನ್‌ಎ ಜೊತೆಗೆ ಮರಿಗಳದ್ದೂ, ಅವುಗಳ ತಂದೆಯದ್ದೂ ಸೇರುತ್ತದೆ. ಒಂದು ಜೀನಿನ ಬೇರೆ ಬೇರೆ ರೂಪಗಳೇ ಅಲೀಲ್; ಒಂದು ಹುಳುವಿನಲ್ಲಿ ಹೆಚ್ಚೆಂದರೆ ಎರಡು, ತಾಯಿಯಿಂದೊಂದು, ತಂದೆಯಿಂದೊಂದು. ಒಂದೇ ಜೀನ್ ತಾಣದಲ್ಲಿ ಮೂರು ಅಲೀಲ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಹಂತ 4: ಸಾಮಾನ್ಯ ಹುಳುವಿನ ಮೇಲೆ ಕೈ ಪಳಗಿಸಿ

ಅಪರೂಪದ ಹುಳುವಿನ ಬಳಿಗೆ ಹೋಗುವ ಮುನ್ನ ಊರಿನ ಕೆರೆಯಲ್ಲಿ ಧಾರಾಳವಾಗಿ ಸಿಗುವ ಪ್ರಭೇದದ ನಾಲ್ಕೈದು ಹುಳುಗಳ ಮೇಲೆ ಕೊನೆಯವರೆಗಿನ ಕೆಲಸವನ್ನೆಲ್ಲ ಮಾಡಿ ಮುಗಿಸಿ: ಸಂಗ್ರಹ, ಎಥನಾಲ್, ಡಿಎನ್‌ಎ, ಪಿಸಿಆರ್, ಅನುಕ್ರಮ. ನನ್ನ ಅನುಭವದಲ್ಲಿ ಹೊಸಬರಿಗೆ ಮೊದಲ ಪ್ರಯತ್ನದಲ್ಲೇ ಇದು ದಕ್ಕಿದ್ದು ಅಪರೂಪ. ದಕ್ಕದಿರುವ ಪ್ರಯತ್ನ ಅಬ್ಬಿಯ ಹುಳುವಿನ ಮೇಲೆ ಆಗಬಾರದು, ಅಷ್ಟೇ.

ದನಗಳು ಇಳಿಯುವ ಕೆರೆಗೆ ಬರಿಗೈ, ಬರಿಗಾಲಲ್ಲಿ ಇಳಿಯಬೇಡಿ. ಇಂಡೊಪ್ಲನಾರ್ಬಿಸ್, ಲಿಮ್ನಿಯಗಳು ಜಾನುವಾರುಗಳ ಚಪ್ಪಟೆಹುಳುಗಳಿಗೆ ಆಶ್ರಯ ಕೊಡುತ್ತವೆ. ಆ ಚಪ್ಪಟೆಹುಳುಗಳಲ್ಲಿ ಕೆಲವುದರ ಲಾರ್ವಾಗಳು ಮನುಷ್ಯರ ಚರ್ಮಕ್ಕೂ ತೂರಿ ತುರಿಕೆ ಎಬ್ಬಿಸುತ್ತವೆ.

ಹಂತ 5: ಎಷ್ಟು ಹುಳು, ಎಲ್ಲಿಂದ

ಒಂದು ಸಮೂಹದಿಂದ 30 ವಯಸ್ಕ ಹುಳುಗಳು ಸಿಕ್ಕರೆ ಒಳ್ಳೆಯದು. ಕಾರಣ ಸರಳ ಲೆಕ್ಕದಲ್ಲಿದೆ. ಸಮೂಹದಲ್ಲಿ ಶೇ. 5ರಷ್ಟು ಮಾತ್ರ ಇರುವ ಒಂದು ಅಲೀಲ್ ನಿಮ್ಮ ಕಣ್ಣಿಗೆ ಒಮ್ಮೆಯಾದರೂ ಬೀಳುವ ಸಾಧ್ಯತೆ 30 ಹುಳುಗಳಲ್ಲಿ ಸುಮಾರು ಶೇ. 95. ಹತ್ತು ಹುಳುಗಳಲ್ಲಿ ಅದು ಶೇ. 64ಕ್ಕೆ, ಐದರಲ್ಲಿ ಶೇ. 40ಕ್ಕೆ ಇಳಿಯುತ್ತದೆ. ಅಳಿವಿನಂಚಿನ ಸಮೂಹಗಳಲ್ಲಿ ಮೊದಲು ಕಳೆದುಹೋಗುವುದು ಇಂತಹ ಅಪರೂಪದ ಅಲೀಲ್‌ಗಳೇ. ಐದು ಹುಳು ನೋಡಿದವರು ಕಳೆದುಹೋಗದೇ ಇದ್ದುದನ್ನೂ ಕಳೆದಿದೆ ಎಂದು ಬರೆದುಬಿಡುತ್ತಾರೆ. ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಜೀನ್ ತಾಯಿಯಿಂದ ಮಾತ್ರ ಬರುವುದರಿಂದ ಒಂದು ಹುಳುವಿಗೆ ಒಂದೇ ಪ್ರತಿ. ಅಲ್ಲಿ 30 ಹುಳು ತೆಗೆದರೂ ಆ ಸಾಧ್ಯತೆ ಶೇ. 79ರ ಸುಮಾರಿನಲ್ಲೇ ನಿಲ್ಲುತ್ತದೆ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಹಂಚಿಕೆ. ಒಂದೇ ಬಿರುಕಿನಿಂದ ಮೂವತ್ತು ಹುಳು ಬಾಚಿಕೊಂಡರೆ ನೀವು ಅಳೆದದ್ದು ಒಂದು ಕುಟುಂಬವನ್ನು. ಎರಡು ಮೂರು ಮೀಟರಿಗೊಂದರಂತೆ ಬಂಡೆಯ ಅಗಲಕ್ಕೂ ಎತ್ತರಕ್ಕೂ ಹರಡಿ ತೆಗೆಯಿರಿ. ಮೊಟ್ಟೆ ಗೊಂಚಲಿನ ಪಕ್ಕದ ಮರಿಗಳನ್ನು ಮುಟ್ಟಬೇಡಿ. ಎರಡು ಅಬ್ಬಿಗಳ ಹುಳುಗಳನ್ನು ಯಾವ ಕಾರಣಕ್ಕೂ ಒಂದೇ ಸೀಸೆಗೆ ಹಾಕಬೇಡಿ. ನಡುವೆ ಅರ್ಧ ಕಿಲೋಮೀಟರ್ ಮಾತ್ರ ಇದ್ದರೂ ಅವು ಬೇರೆ ಎಂದೇ ಎಣಿಸಿ. ಆಮೇಲೆ ಒಂದೇ ಎಂದು ಸಾಬೀತಾದರೆ ಕೂಡಿಸಬಹುದು, ಬೆರೆತದ್ದನ್ನು ಬೇರ್ಪಡಿಸಲು ಆಗುವುದಿಲ್ಲ.

ಸಮೂಹ ತೀರಾ ಚಿಕ್ಕದಾಗಿದ್ದರೆ? ಸಾವಧಾನವಾಗಿ ಹುಡುಕಿದರೂ ನೂರು ಹುಳು ಎಣಿಸಲಾಗದ ಕಡೆ ನಾನು ಒಂದನ್ನೂ ಕೊಲ್ಲುವುದಿಲ್ಲ. ಹುಳುವನ್ನು ಮಗುಚಿ ಹಿಡಿದು ಕಾಯಿರಿ. ಒಂದೆರಡು ನಿಮಿಷದಲ್ಲಿ ಮುಚ್ಚಳ ಸರಿದು ಪಾದ ಹೊರಬಂದಾಗ ಅದರ ಮೇಲೆ ಸ್ವಾಬ್ ಕಡ್ಡಿಯನ್ನು ಮೆಲ್ಲಗೆ ಉಜ್ಜಿ ಲೋಳೆ ತೆಗೆದುಕೊಳ್ಳಿ, ಚಿಪ್ಪಿನ ಚಿತ್ರ ತೆಗೆಯಿರಿ, ಎತ್ತಿದ ಜಾಗದಲ್ಲೇ ಬಿಡಿ. ಸಿಗುವ ಡಿಎನ್‌ಎ ಕಡಿಮೆ; ಪ್ರತಿ ಪಿಸಿಆರ್ ಅನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ. ಆ ಶ್ರಮ ನಾವು ಹೊರಬೇಕಾದದ್ದು, ಹುಳು ಅಲ್ಲ.

ಮಳೆಗಾಲದಲ್ಲಿ ಈ ಬಂಡೆಗಳನ್ನು ಹತ್ತಬೇಡಿ. ನವೆಂಬರಿನಿಂದ ಜನವರಿ ಒಳ್ಳೆಯ ಕಾಲ: ತುಂತುರು ಇನ್ನೂ ಇರುತ್ತದೆ, ಕಾಲಿಡಲು ಜಾಗವೂ ಇರುತ್ತದೆ. ಒಂದು ಅಬ್ಬಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಬಲೆ, ಚಿಮುಟಗಳನ್ನು ತೊಳೆದು ಪೂರ್ತಿ ಒಣಗಿಸಿ. ಹೊರಗಿನ ಹುಳುವಿನ ಮೊಟ್ಟೆ ಅಥವಾ ರೋಗವನ್ನು ನಾವೇ ಹೊತ್ತೊಯ್ಯುವಂತಾಗಬಾರದು.

ಹಂತ 6: ಸಂರಕ್ಷಣೆ, ಹೆಚ್ಚಿನವರು ಸೋಲುವ ಜಾಗ

ಮೊದಲ ವರ್ಷ ನಾನು ನಲವತ್ತು ಹುಳುಗಳನ್ನು ಜೀವಂತವಾಗಿಯೇ ಎಥನಾಲ್‌ಗೆ ಹಾಕಿ, ಸೀಸೆಗಳನ್ನು ಸಾಲಾಗಿ ಜೋಡಿಸಿ, ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಬಂದಿದ್ದೆ. ಎರಡು ತಿಂಗಳ ನಂತರ ಮೊದಲ ಸೀಸೆಯ ಚಿಪ್ಪನ್ನು ಒಡೆದಾಗ ಕೊಳೆತ ಮಾಂಸದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಒಳಗಿದ್ದದ್ದು ಪಾದವಲ್ಲ, ಕಂದು ಬಣ್ಣದ ಗಂಜಿ. ನಲವತ್ತರಲ್ಲಿ ಮೂವತ್ತೊಂದು ಹಾಗೆಯೇ ಇದ್ದವು. ಆ ಹುಳುಗಳು ಸುಮ್ಮನೆ ಸತ್ತವು ಎಂಬ ಸಂಕಟ ಇಂದಿಗೂ ನನ್ನಲ್ಲಿದೆ. ಈ ಹಂತವನ್ನು ಇಷ್ಟು ಒತ್ತಿ ಹೇಳುವುದೂ ಅದಕ್ಕೇ.

ಆದದ್ದು ಇಷ್ಟು. ಎಥನಾಲ್ ಸೋಕಿದ ಕ್ಷಣವೇ ಹುಳು ಒಳಕ್ಕೆ ಎಳೆದುಕೊಂಡು ಮುಚ್ಚಳ ಬಿಗಿದುಕೊಳ್ಳುತ್ತದೆ. ಬೇಸಿಗೆಯ ಒಣಗಾಲದಲ್ಲಿ ಅದರ ಜೀವ ಉಳಿಸುವ ಬಿಗಿ ಅದು. ಹೊರಗಿನ ಎಥನಾಲ್ ಒಳಗೆ ಹೋಗುವುದಿಲ್ಲ. ಒಳಗೆ ಸತ್ತ ಹುಳು ತನ್ನದೇ ಕಿಣ್ವಗಳಿಂದ ಕರಗುತ್ತದೆ.

ಸರಿಯಾದ ಕ್ರಮ ಹೀಗೆ. ಫ್ಲಾಸ್ಕಿನ ಬಿಸಿನೀರನ್ನು ಬಟ್ಟಲಿಗೆ ಸುರಿದು ಹುಳುವನ್ನು ಕೆಲವೇ ಸೆಕೆಂಡು ಅದ್ದಿ ತೆಗೆಯಿರಿ. ಸ್ನಾಯು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಪಾದವನ್ನು ಚಿಮುಟದಲ್ಲಿ ಹಿಡಿದು ಚಿಪ್ಪಿನ ಸುರುಳಿಯ ದಿಕ್ಕಿಗೇ ತಿರುಗಿಸುತ್ತ ಎಳೆದರೆ ಮೃದು ಶರೀರ ಹೊರಬರುತ್ತದೆ, ಚಿಪ್ಪು ಒಡೆಯದೆ ಉಳಿಯುತ್ತದೆ. ಹೊತ್ತು ಮೀರಿದರೆ ಮಾಂಸ ಬೇಯುತ್ತದೆ. ಸಮಯವನ್ನು ಹಂತ 4ರಲ್ಲೇ ಕೈಗೆ ರೂಢಿ ಮಾಡಿಕೊಂಡಿರಬೇಕು. ಇದು ಆಗದಿದ್ದರೆ ಚಿಪ್ಪಿನ ಚಿತ್ರ ತೆಗೆದು, ಇಕ್ಕಳದಿಂದ ಕೊನೆಯ ಸುತ್ತನ್ನು ಬಿರುಕು ಬಿಡಿಸಿ ಎಥನಾಲ್‌ಗೆ ಹಾಕಿ.

ಅಂಗಾಂಶದ ಹತ್ತು ಪಟ್ಟು ಎಥನಾಲ್ ಇರಲಿ. ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಿ, ಏಕೆಂದರೆ ಹುಳುವಿನ ಮೈನೀರು ಬಿಟ್ಟುಕೊಂಡು ಮೊದಲಿನದು ತೆಳುವಾಗಿರುತ್ತದೆ. ಒಂದು ಸೀಸೆಗೆ ಒಂದೇ ಹುಳು. ಚೀಟಿ ಸೀಸೆಯ ಒಳಗೂ ಇರಬೇಕು, ಹೊರಗೂ ಇರಬೇಕು. ಫಾರ್ಮಲಿನ್ ಹತ್ತಿರವೂ ತರಬೇಡಿ. ಅದು ಡಿಎನ್‌ಎಯನ್ನು ಹೆಣೆದುಹಾಕಿ ಕೆಡಿಸುತ್ತದೆ.

ಅಪಾಯದ ಸೂಚನೆ: ಎಥನಾಲ್ ಹಳದಿಯಾಗಿ ಮಂಜಾಗುವುದು, ಮುಚ್ಚಳ ತೆರೆದಾಗ ದುರ್ವಾಸನೆ, ಮುಟ್ಟಿದರೆ ಪಾದ ರಬ್ಬರಿನಂತಿರದೆ ಬೆರಳಿಗೆ ಅಂಟುವುದು.

ಹಂತ 7: ಡಿಎನ್‌ಎ ಬೇರ್ಪಡಿಸುವುದು

ಬಸವನಹುಳುವಿನ ಲೋಳೆ ಸಕ್ಕರೆ ಸರಪಳಿಗಳಿಂದ ಆದದ್ದು. ಅದು ಡಿಎನ್‌ಎ ಜೊತೆಗೇ ಇಳಿದು ಬಂದು ಪಿಸಿಆರ್ ಕಿಣ್ವವನ್ನು ತಡೆಯುತ್ತದೆ. ಇಲಿಯ ಅಂಗಾಂಶಕ್ಕೆ ಸಲ್ಲುವ ಸಾಮಾನ್ಯ ಕಿಟ್ ಇಲ್ಲಿ ಕೈಕೊಡುವುದು ಈ ಕಾರಣಕ್ಕೆ. ಸಿಟಿಎಬಿ ವಿಧಾನ ಹಳೆಯದು, ಆದರೆ ಸರಿಯಾದದ್ದು.

ಸೂಕ್ಷ್ಮದರ್ಶಕದ ಕೆಳಗೆ ಪಾದದ ಅಂಚಿನಿಂದ ಅಕ್ಕಿಕಾಳಿನ ಕಾಲುಭಾಗದಷ್ಟು ತುಂಡು ಕತ್ತರಿಸಿ. ಸುರುಳಿಯ ತುದಿಯಲ್ಲಿರುವ ಜೀರ್ಣಗ್ರಂಥಿಯನ್ನು ಸೇರಿಸಬೇಡಿ. ಆಹಾರವಾದ ಪಾಚಿ, ಪರಾವಲಂಬಿ ಚಪ್ಪಟೆಹುಳು ಎರಡೂ ಅಲ್ಲಿರುತ್ತವೆ. ಒಮ್ಮೆ ಕೆರೆಯ ಹುಳುವೊಂದರ ಆ ಭಾಗವನ್ನು ಬಿಡಿಸಿದಾಗ ಬಾಲವಿರುವ ನೂರಾರು ಲಾರ್ವಾಗಳು ಗಾಜಿನ ಮೇಲೆ ಮಿಡುಕುವುದನ್ನು ನೋಡಿದ್ದೇನೆ. ಅದನ್ನು ಅರೆದಿದ್ದರೆ ಯಾರ ಡಿಎನ್‌ಎ ಓದುತ್ತಿದ್ದೆವೋ ತಿಳಿಯುತ್ತಿರಲಿಲ್ಲ.

ತುಂಡಿನ ಎಥನಾಲ್ ಹೀರಿ ತೆಗೆದು, 500 ಮೈಕ್ರೊಲೀಟರ್ ಸಿಟಿಎಬಿ ದ್ರಾವಣಕ್ಕೆ ಹಾಕಿ. ಅದರಲ್ಲಿ ಶೇ. 2 ಸಿಟಿಎಬಿ, 1.4 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಟ್ರಿಸ್, 20 ಮಿಲಿಮೋಲಾರ್ ಇಡಿಟಿಎ ಇರಲಿ, ಪಿಎಚ್ 8. ಬಳಸುವ ಹೊತ್ತಿಗೆ ಶೇ. 0.2 ಮರ್ಕ್ಯಾಪ್ಟೊಎಥನಾಲ್ ಮತ್ತು 10 ಮೈಕ್ರೊಲೀಟರ್ ಪ್ರೋಟಿನೇಸ್ ಕೆ ಸೇರಿಸಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ತುಂಡು ಪೂರ್ತಿ ಕರಗಿರಬೇಕು. ಕರಗದಿದ್ದರೆ ಕಿಣ್ವ ಸೇರಿಸಿ ಕಾಯಿರಿ, ಮುಂದೆ ಹೋಗಬೇಡಿ.

ಸಮಪ್ರಮಾಣದ ಕ್ಲೋರೋಫಾರ್ಮ್ ಮಿಶ್ರಣ ಹಾಕಿ ಸೀಸೆಯನ್ನು ಮೆಲ್ಲಗೆ ತಲೆಕೆಳಗು ಮಾಡುತ್ತ ಬೆರೆಸಿ. ಕುಲುಕಿದರೆ ಡಿಎನ್‌ಎ ತುಂಡಾಗುತ್ತದೆ. ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ಪದರವನ್ನಷ್ಟೇ ತೆಗೆದುಕೊಳ್ಳಿ. ಎರಡು ಪದರಗಳ ನಡುವಿನ ಬಿಳಿ ಕೆನೆ ಮಾಯವಾಗುವವರೆಗೆ ಇದನ್ನೇ ಪುನರಾವರ್ತಿಸಿ. ಮೂರು ಸಲವೂ ಆಗಬಹುದು. ಇಲ್ಲಿ ಆಸೆಗೆ ಬಿದ್ದು ಕೊನೆಯ ಹನಿಯನ್ನೂ ಎಳೆದುಕೊಂಡರೆ ಕೆನೆಯೂ ಬರುತ್ತದೆ. ಈ ಕೆಲಸವೆಲ್ಲ ಕೋಣೆಯ ಉಷ್ಣತೆಯಲ್ಲೇ ನಡೆಯಲಿ. ತಣ್ಣಗಾದರೆ ಸಿಟಿಎಬಿಯೇ ಗಟ್ಟಿಯಾಗಿ ಬೀಳುತ್ತದೆ. ಆಮೇಲೆ ತೆಗೆದ ದ್ರವದ ಮೂರನೇ ಎರಡರಷ್ಟು ಐಸೊಪ್ರೊಪನಾಲ್ ಹಾಕಿ ಡಿಎನ್‌ಎಯನ್ನು ತಳಕ್ಕೆ ಇಳಿಸುವುದು, ಶೇ. 70 ಎಥನಾಲ್‌ನಲ್ಲಿ ಎರಡು ಸಲ ತೊಳೆತ, ಒಣಗಿಸುವುದು, 50 ಮೈಕ್ರೊಲೀಟರ್‌ನಲ್ಲಿ ಕರಗಿಸುವುದು.

ಅಪಾಯದ ಸೂಚನೆ: ತಳದಲ್ಲಿ ಬಿಳಿ ಚುಕ್ಕೆಯ ಬದಲು ಗಾಜಿನಂತೆ ಹೊಳೆಯುವ ಲೋಳೆ ಉಂಡೆ ಕಂಡರೆ ಅದು ಸಕ್ಕರೆ. ಬೆಳಕು ಹೀರುವಿಕೆಯಿಂದ ಶುದ್ಧತೆ ಅಳೆದಾಗ 260/280 ಅನುಪಾತ 1.8ರ ಸುಮಾರು ಇದ್ದು 260/230 ಒಂದಕ್ಕಿಂತ ಕೆಳಗಿದ್ದರೂ ಅದೇ ಅರ್ಥ. ಎಸೆಯಬೇಡಿ, ಹತ್ತು ಪಟ್ಟು ತೆಳು ಮಾಡಿ, ಅಡಚಣೆ ತಗ್ಗಿಸುವ ಬಿಎಸ್‌ಎ ಪ್ರೋಟೀನ್ ಸೇರಿಸಿ ಪಿಸಿಆರ್ ಮಾಡಿ ನೋಡಿ. ಪ್ರತಿ ಸುತ್ತಿನಲ್ಲೂ ಅಂಗಾಂಶವಿಲ್ಲದ ಒಂದು ಖಾಲಿ ಸೀಸೆ ಇರಲೇಬೇಕು. ಪಿಸಿಆರ್ ನಂತರ ಅದರಲ್ಲೂ ಡಿಎನ್‌ಎ ಪಟ್ಟಿ ಮೂಡಿದರೆ ಅಂದಿನ ಕೆಲಸವೆಲ್ಲ ರದ್ದು.

ಹಂತ 8: ಮೊದಲು ಗುರುತು, ಆಮೇಲೆ ವೈವಿಧ್ಯ

ಪ್ರಭೇದ ಖಚಿತವಾಗದೆ ವೈವಿಧ್ಯ ಅಳೆಯಬೇಡಿ. ಪ್ರಭೇದ ಗುರುತಿಸಲು ಬಳಸುವ ಮೈಟೊಕಾಂಡ್ರಿಯದ ಸಿಒಐ ಜೀನಿಗೆ, ಪಿಸಿಆರ್ ಶುರುಮಾಡುವ ಗಿಡ್ಡ ಡಿಎನ್‌ಎ ತುಣುಕುಗಳಾದ ಫೋಲ್ಮರ್ ಪ್ರೈಮರ್‌ಗಳನ್ನು ಬಳಸಿ: ಎಲ್‌ಸಿಒ1490, ಎಚ್‌ಸಿಒ2198. ಅಂಟುವ ಉಷ್ಣತೆಯನ್ನು 45ರಿಂದ 50 ಡಿಗ್ರಿಯ ನಡುವೆ ಪರೀಕ್ಷಿಸಿಕೊಳ್ಳಿ. ಸುಮಾರು 710 ಅಕ್ಷರ ಜೋಡಿಗಳ ಉದ್ದದ ಪಟ್ಟಿ ಬರಬೇಕು. ಅನುಕ್ರಮವನ್ನು ಅಕಶೇರುಕ ಮೈಟೊಕಾಂಡ್ರಿಯ ಸಂಕೇತದಲ್ಲಿ ಪ್ರೋಟೀನಿಗೆ ಅನುವಾದಿಸಿ ನೋಡಿ. ನಡುವೆ ನಿಲುಗಡೆ ಸಂಕೇತ ಬಂದರೆ ಓದುವಲ್ಲಿ ತಪ್ಪಾಗಿದೆ, ಇಲ್ಲವೇ ನೀವು ಓದಿದ್ದು ನಿಜವಾದ ಜೀನ್ ಅಲ್ಲ, ಕೋಶಕೇಂದ್ರಕ್ಕೆ ವಲಸೆ ಹೋದ ಅದರ ಸತ್ತ ಪ್ರತಿ.

ಇದೊಂದರಿಂದಲೇ ತೀರ್ಪು ಕೊಡಬೇಡಿ. ಬಸವನಹುಳುಗಳಲ್ಲಿ ಒಂದೇ ಪ್ರಭೇದದೊಳಗೆ ಮೈಟೊಕಾಂಡ್ರಿಯದ ಅನುಕ್ರಮ ಬಹಳ ಬೇರೆಯಾಗಿರುವುದುಂಟು. ಫೈಸಾ ಅಕ್ಯೂಟಾ ಎಂಬ ಸಿಹಿನೀರಿನ ಹುಳು ಇದಕ್ಕೆ ಅತಿರೇಕದ ನಿದರ್ಶನ. ವೈವಿಧ್ಯದ ಅಂಕಿಗೆ ಕೋಶಕೇಂದ್ರದ ಗುರುತುಗಳು ಬೇಕು: ಹತ್ತರಿಂದ ಇಪ್ಪತ್ತು ಮೈಕ್ರೊಸ್ಯಾಟಲೈಟ್ ತಾಣಗಳು (ಕೆಲವೇ ಅಕ್ಷರಗಳು ಮತ್ತೆ ಮತ್ತೆ ಬರುವ ಜಾಗಗಳು) ಅಥವಾ ಸಾವಿರಾರು ಏಕಾಕ್ಷರ ವ್ಯತ್ಯಾಸಗಳನ್ನು ಕೊಡುವ ರ‍್ಯಾಡ್ ಅನುಕ್ರಮ. ಎರಡನೆಯದು ದುಬಾರಿ, ಆದರೆ ಹುಳುಗಳು ಕಡಿಮೆ ಸಿಗುವ ಕಡೆ ಅದೇ ಮೇಲು. ತಾಣಗಳು ಸಾವಿರಾರು ಇರುವುದರಿಂದ ಹತ್ತು ಹುಳುಗಳಿಂದಲೂ ವಿಷಮಯುಗ್ಮತೆಯ (ಒಂದು ತಾಣದಲ್ಲಿ ಎರಡು ಬೇರೆ ಅಲೀಲ್ ಇರುವ ಪ್ರಮಾಣದ) ನಂಬಬಹುದಾದ ಅಂದಾಜು ಸಿಗುತ್ತದೆ.

ಹಂತ 9: ಲೆಕ್ಕ, ಇದೇ ಕ್ರಮದಲ್ಲಿ

ಮೊದಲು ಶೋಧನೆ. ಹೆಚ್ಚು ತಾಣಗಳು ಖಾಲಿ ಉಳಿದ ಹುಳುಗಳನ್ನು ಕೈಬಿಡಿ. ಒಡಹುಟ್ಟಿದವು ಇವೆಯೇ ಎಂದು ನೋಡಿ.

ನಂತರ ಹಾರ್ಡಿ–ವೈನ್‌ಬರ್ಗ್ ಪರೀಕ್ಷೆ, ಪ್ರತಿ ಅಬ್ಬಿಗೂ ಪ್ರತ್ಯೇಕವಾಗಿ: ಹುಳುಗಳು ಯಾದೃಚ್ಛಿಕವಾಗಿ ಕೂಡಿದರೆ ಬರಬೇಕಾದ ವಿಷಮಯುಗ್ಮತೆಗೂ ಕಂಡದ್ದಕ್ಕೂ ಇರುವ ಹೋಲಿಕೆ. ವಿಷಮಯುಗ್ಮತೆ ನಿರೀಕ್ಷೆಗಿಂತ ಕಡಿಮೆ ಬಂದರೆ ಕೂಡಲೇ ‘ರಕ್ತಸಂಬಂಧದ ಕೂಡಿಕೆ’ ಎಂದು ಬರೆಯಬೇಡಿ. ಕೊರತೆ ಒಂದೆರಡು ತಾಣಗಳಲ್ಲಿ ಮಾತ್ರ ಇದ್ದರೆ ಅಲ್ಲಿ ಪ್ರೈಮರ್ ಅಂಟದ ಶೂನ್ಯ ಅಲೀಲ್ ಇರಬಹುದು. ಎಲ್ಲ ತಾಣಗಳಲ್ಲೂ ಹೆಚ್ಚುಕಡಿಮೆ ಸಮನಾಗಿದ್ದರೆ ಸ್ವನಿಷೇಚನ ಅಥವಾ ನಿಜವಾದ ರಕ್ತಸಂಬಂಧ. ಎರಡು ಗುಂಪುಗಳನ್ನು ಅರಿಯದೆ ಕೂಡಿಸಿದ್ದರೂ ಕೊರತೆ ಬರುತ್ತದೆ. ಉಭಯಲಿಂಗಿ ಹುಳುಗಳಲ್ಲಿ ಶೇ. 80ರಷ್ಟು ಸ್ವನಿಷೇಚನ ನಡೆಯುತ್ತಿದ್ದರೆ ಒಳಸಂಕರ ಗುಣಾಂಕ (ರಕ್ತಸಂಬಂಧದ ಕೂಡಿಕೆಯ ಅಳತೆ) 0.67ರ ಸುಮಾರಿಗೆ ಹೋಗುತ್ತದೆ. ಆ ಪ್ರಭೇದಕ್ಕೆ ಅದು ಸಹಜ ಸ್ಥಿತಿಯೇ ಇರಬಹುದು. ಹಂತ 3ರ ಟಿಪ್ಪಣಿಯನ್ನು ಈಗ ತೆರೆಯಿರಿ.

ಆಮೇಲೆ ಅಲೀಲ್ ಸಮೃದ್ಧಿ, ಅಂದರೆ ಒಂದು ತಾಣದಲ್ಲಿ ಎಷ್ಟು ಬಗೆಯ ಅಲೀಲ್ ಇವೆ ಎಂಬುದು. ಒಂದು ಕಡೆ 30, ಇನ್ನೊಂದು ಕಡೆ 12 ಹುಳು ಇದ್ದರೆ ಅಲೀಲ್‌ಗಳನ್ನು ನೇರವಾಗಿ ಎಣಿಸಿ ಹೋಲಿಸಬೇಡಿ. ಎರಡನ್ನೂ 12ಕ್ಕೆ ತಗ್ಗಿಸಿ ಲೆಕ್ಕ ಹಾಕಬೇಕು. ಕೊನೆಯಲ್ಲಿ ಅಬ್ಬಿಗಳ ನಡುವಿನ ಆನುವಂಶಿಕ ಅಂತರ ಮತ್ತು ಪರಿಣಾಮಕಾರಿ ಸಮೂಹ ಗಾತ್ರ, ಅಂದರೆ ಮುಂದಿನ ಪೀಳಿಗೆಗೆ ನಿಜಕ್ಕೂ ಜೀನ್ ದಾಟಿಸುತ್ತಿರುವ ಹುಳುಗಳ ಲೆಕ್ಕ. ತಂತ್ರಾಂಶ ಮೇಲ್ಮಿತಿಯನ್ನು ‘ಅನಂತ’ ಎಂದು ತೋರಿಸಿದರೆ ಸಮೂಹ ದೊಡ್ಡದೆಂದು ಹಿಗ್ಗಬೇಡಿ. ನಿಮ್ಮ ಮಾದರಿ ಸಾಲದು ಎಂದಷ್ಟೇ ಅದರ ಅರ್ಥ.

ಹಂತ 10: ಅಂಕಿಯನ್ನು ಓದುವುದು

ಪರಿಣಾಮಕಾರಿ ಗಾತ್ರ 10 ಇರುವ ಸಮೂಹ ಪ್ರತಿ ಪೀಳಿಗೆಗೆ ಶೇ. 5 ವಿಷಮಯುಗ್ಮತೆ ಕಳೆದುಕೊಳ್ಳುತ್ತದೆ. ಹತ್ತು ಪೀಳಿಗೆಯಲ್ಲಿ ಶೇ. 60 ಮಾತ್ರ ಉಳಿದಿರುತ್ತದೆ. ಗಾತ್ರ 50 ಇದ್ದರೆ ಶೇ. 90, 500 ಇದ್ದರೆ ಶೇ. 99 ಉಳಿಯುತ್ತದೆ. ಆದರೆ ಕುಸಿತ ನಿನ್ನೆ ಮೊನ್ನೆಯದಾಗಿದ್ದರೆ? ಹತ್ತೇ ಹುಳು ಉಳಿದ ಎರಡು ಪೀಳಿಗೆಗಳ ನಂತರವೂ ಶೇ. 90 ಇರುತ್ತದೆ. ಅಂಕಿ ನೋಡಿ ಎಲ್ಲ ಚೆನ್ನಾಗಿದೆ ಎಂದವರು ಮೋಸಹೋಗುವುದು ಇಲ್ಲಿ. ಅಲೀಲ್ ಸಮೃದ್ಧಿ ಬೇಗ ಕುಸಿಯುತ್ತದೆ, ವಿಷಮಯುಗ್ಮತೆ ನಿಧಾನ. ಮೊದಲನೆಯದು ಬಿದ್ದು ಎರಡನೆಯದು ಇನ್ನೂ ನಿಂತಿದ್ದರೆ ಕುಸಿತ ಹೊಸದು. ಆ ಸಮೂಹವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ.

ಎರಡು ಅಬ್ಬಿಗಳ ನಡುವೆ ದೊಡ್ಡ ಆನುವಂಶಿಕ ಅಂತರ ಕಂಡರೆ ‘ಇವನ್ನು ಬೆರೆಸಲೇಬಾರದು’ ಎಂಬ ತೀರ್ಮಾನಕ್ಕೂ ಹಾರಬೇಡಿ. ಚಿಕ್ಕ ಸಮೂಹಗಳು ಬರೀ ಆಕಸ್ಮಿಕ ನಷ್ಟದಿಂದಲೂ ಬೇಗ ದೂರವಾಗುತ್ತವೆ. ಬೇರೆ ಪ್ರಭೇದವಾಗಿದ್ದರೆ ಬೆರೆಸುವ ಮಾತೇ ಇಲ್ಲ. ಒಂದೇ ಪ್ರಭೇದವಾಗಿದ್ದು, ಖಾಲಿ ಅಬ್ಬಿಗೆ ಹುಳು ಬಿಡುವುದಾದರೆ ಪರಸ್ಪರ ಸಂಬಂಧವಿಲ್ಲದ 20 ಹುಳುಗಳು ಮೂಲ ಸಮೂಹದ ವಿಷಮಯುಗ್ಮತೆಯಲ್ಲಿ ಶೇ. 97.5ರಷ್ಟನ್ನು ಹೊತ್ತೊಯ್ಯುತ್ತವೆ. ಅಪರೂಪದ ಅಲೀಲ್‌ಗಳಿಗೆ ಅಷ್ಟು ಸಾಲದು, ಹೆಚ್ಚು ಬೇಕು.

ಇಷ್ಟೆಲ್ಲಕ್ಕೂ ಮುಂಚೆ ಅಬ್ಬಿಯ ತಲೆಯ ಹತ್ತಿರ ಹೋಗಿ ನೋಡಿ. ಮಲೆನಾಡಿನಲ್ಲಿ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ, ತೋಟಕ್ಕೆ ತರುವುದು ವಾಡಿಕೆ. ಬೇಸಿಗೆಯಲ್ಲಿ ಇಡೀ ನೀರು ಪೈಪಿಗೇ ಹೋಗಿ ಬಂಡೆ ಒಣಗುತ್ತಿದ್ದರೆ ಹುಳು ಬಿಡುವುದು ವ್ಯರ್ಥ. ಆ ಮನೆಯವರೊಂದಿಗೆ ಕುಳಿತು ಮಾತನಾಡಿ. ಬಂಡೆ ತೇವವಾಗಿರಲು ಎಷ್ಟು ನೀರು ಸಾಕು ಎಂದು ತೋರಿಸಿದರೆ ಒಪ್ಪುವವರು ಬಹಳ ಜನರಿದ್ದಾರೆ.

ಹಂತ 11: ಜಮಾ ಮಾಡುವುದು

ಚಿಪ್ಪುಗಳನ್ನೂ ಉಳಿದ ಅಂಗಾಂಶವನ್ನೂ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದಂತಹ ಅಧಿಕೃತ ಸಂಗ್ರಹಕ್ಕೆ, ಅನುಕ್ರಮಗಳನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ದತ್ತಸಂಗ್ರಹಕ್ಕೆ ಸಲ್ಲಿಸಿ. ಸಾರ್ವಜನಿಕ ದಾಖಲೆಯಲ್ಲಿ ಅಬ್ಬಿಯ ನಿಖರ ಜಿಪಿಎಸ್ ಅಂಕಿ ಬೇಡ, ಚಿಪ್ಪು ಸಂಗ್ರಹಿಸುವವರು ಅದನ್ನೂ ಓದುತ್ತಾರೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕನ್ನಡದಲ್ಲಿ ಎರಡು ಪುಟದ ವರದಿ ಕೊಡಿ. ಅದರಲ್ಲಿ ಅಬ್ಬಿಗೆ ಊರಿನವರು ಕರೆಯುವ ಹೆಸರು, ಹುಳುವಿನ ಚಿತ್ರ, ಎಣಿಸಿದ ಸಂಖ್ಯೆ, ಬಂಡೆ ಒಣಗುವ ತಿಂಗಳು ಇರಲಿ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಅದು ಸೇರಿತೇ ಎಂದು ಮುಂದಿನ ನವೆಂಬರಿನಲ್ಲಿ ಮತ್ತೆ ಎಣಿಸಲು ಹೋದಾಗ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ.